ಉಗುಳುತ್ತಿರುವ ಜ್ವಾಲಾಮುಖಿಯನ್ನು ನೋಡುವುದು, ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವಾಲಾಮುಖಿ ಅಂದರೆ ಕೆಂಪು ಲಾವಾ, ಪಕ್ಕದಲ್ಲಿ ಬೆಳ್ಳಿ ಬಣ್ಣದ ಉಡುಪು ಹಾಕಿಕೊಂಡ ವಿಜ್ಞಾನಿ. ಫೋಟೋಗಳಲ್ಲಿ ನಾವು ನೋಡುವುದು ಇದನ್ನೇ. ನಿಜವಾದ ಕೆಲಸದ ಬಹುಪಾಲು ನಡೆಯುವುದು ಬೆಟ್ಟದಿಂದ ದೂರದಲ್ಲಿ, ಅದೂ ಬೆಟ್ಟ ಸಿಡಿಯುವುದಕ್ಕೆ ತುಂಬಾ ಮೊದಲು. ನೋಡಲು ಹೋಗಬೇಕು ಅನ್ನುವವರು ಮತ್ತು ಇದರ ಹಿಂದಿನ ವಿಜ್ಞಾನ ತಿಳಿಯಬೇಕು ಅನ್ನುವವರು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಈಗ ಎಷ್ಟು ಜ್ವಾಲಾಮುಖಿಗಳು ಉಗುಳುತ್ತಿವೆ?

ಯಾವ ದಿನ ನೋಡಿದರೂ ಸುಮಾರು 20 ಕಡೆ ಏನಾದರೂ ನಡೆಯುತ್ತಲೇ ಇರುತ್ತದೆ. ಬಿಟ್ಟು ಬಿಟ್ಟು ಉಗುಳುವವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 40ರಿಂದ 50 ಆಗುತ್ತವೆ. ಸಮುದ್ರದ ತಳದಲ್ಲಿ ಯಾರ ಕಣ್ಣಿಗೂ ಬೀಳದೆ ನಡೆಯುವುದು ಇದರಲ್ಲಿ ಸೇರಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಜಾಗತಿಕ ಜ್ವಾಲಾಮುಖಿ ಕಾರ್ಯಕ್ರಮ ಪ್ರತಿ ವಾರ ಇದರ ವರದಿ ಹೊರಡಿಸುತ್ತದೆ. ಅದನ್ನು ನಾಲ್ಕು ವಾರ ಓದಿದರೆ ಸಾಕು, ಜ್ವಾಲಾಮುಖಿ ಉಗುಳುವುದು ಅಪರೂಪದ ಸುದ್ದಿ ಅನ್ನುವ ಕಲ್ಪನೆ ಹೋಗಿಬಿಡುತ್ತದೆ.

ಹತ್ತಿರ ಹೋಗಿ ನೋಡಬಹುದಾ?

ಕೆಲವನ್ನು ನೋಡಬಹುದು. ಅದು ಆ ಜ್ವಾಲಾಮುಖಿಯ ಸ್ವಭಾವದ ಮೇಲೆ ನಿಂತಿದೆ. ಎಲ್ಲವೂ ಒಂದೇ ಥರ ಉಗುಳುವುದಿಲ್ಲ.

ನೆಲದಡಿ ಕರಗಿದ ಕಲ್ಲು, ಅಂದರೆ ಮ್ಯಾಗ್ಮಾ, ತೆಳ್ಳಗಿದ್ದರೆ ಅದರೊಳಗಿನ ಅನಿಲ ಸುಲಭವಾಗಿ ಹೊರಗೆ ಹೋಗುತ್ತದೆ. ಆಗ ಲಾವಾ ಕಾರಂಜಿಯಂತೆ ಚಿಮ್ಮುತ್ತದೆ, ಇಲ್ಲವೇ ಹೊಳೆಯಂತೆ ಹರಿಯುತ್ತದೆ. ಹವಾಯಿಯ ಕಿಲಾವೆಯಾ, ಐಸ್‌ಲ್ಯಾಂಡಿನಲ್ಲಿ 2021ರಲ್ಲಿ ಉಗುಳಿದ ಫಾಗ್ರಾದಾಲ್ಸ್‌ಫ್ಯಾಲ್ ಈ ಜಾತಿಯವು. ಮ್ಯಾಗ್ಮಾ ಗಟ್ಟಿಯಾಗಿ ಅಂಟಂಟಾಗಿದ್ದರೆ ಅನಿಲ ಒಳಗೇ ಸಿಕ್ಕಿಬೀಳುತ್ತದೆ. ಒತ್ತಡ ಏರುತ್ತಾ ಹೋಗಿ ಒಂದು ಹಂತದಲ್ಲಿ ಬೆಟ್ಟವೇ ಸಿಡಿಯುತ್ತದೆ. ಅಮೆರಿಕದ ಸೇಂಟ್ ಹೆಲೆನ್ಸ್, ಫಿಲಿಪ್ಪೀನ್ಸ್‌ನ ಪಿನಾಟುಬೊ, ಇಂಡೊನೇಷ್ಯಾದ ಮೆರಾಪಿ ಈ ಗುಂಪಿನವು. ಇವು ಸಕ್ರಿಯವಾಗಿದ್ದಾಗ ನೋಡಲು ಹೋಗುವ ಮಾತೇ ಇಲ್ಲ.

ಇವೆರಡರ ನಡುವೆ ಇಟಲಿಯ ಸ್ಟ್ರಾಂಬೊಲಿಯಂಥವು ಬರುತ್ತವೆ. ಹೆಚ್ಚು ಕಡಿಮೆ ಎರಡು ಸಾವಿರ ವರ್ಷಗಳಿಂದ ಅದು ಸಣ್ಣಸಣ್ಣದಾಗಿ ಸಿಡಿಯುತ್ತಲೇ ಇದೆ. ಜನ ಗೈಡ್ ಜೊತೆ ಹತ್ತಿ ನೋಡುತ್ತಾರೆ. ಆದರೆ 2019ರ ಜುಲೈ 3ರಂದು ಅದೇ ಸ್ಟ್ರಾಂಬೊಲಿ ಇದ್ದಕ್ಕಿದ್ದಂತೆ ಜೋರಾಗಿ ಸಿಡಿದು ಒಬ್ಬ ಚಾರಣಿಗ ಸತ್ತ. ದಿನಾ ಸಣ್ಣದಾಗಿ ಉಗುಳುವುದು ಇವತ್ತೂ ಸಣ್ಣದಾಗಿಯೇ ಉಗುಳುತ್ತದೆ ಅನ್ನಲು ಆಗುವುದಿಲ್ಲ.

ಇನ್ನೊಂದು ಮಾತು. ಬಿಸಿನೀರಿನ ಕೊಳ, ಹಬೆ, ಹಳದಿ ಗಂಧಕ ಕಾಣುವ ಕುಳಿಗಳು ನೋಡಲು ಶಾಂತವಾಗಿರುತ್ತವೆ. ನನ್ನ ಲೆಕ್ಕದಲ್ಲಿ ಪ್ರವಾಸಿಗರಿಗೆ ಅವೇ ಜಾಸ್ತಿ ಅಪಾಯಕಾರಿ. ನೆಲದೊಳಗಿನ ನೀರು ಬಿಸಿಯಾಗಿ ಒಮ್ಮೆಲೇ ಆವಿಯಾದರೆ ಸಿಡಿಯಲು ಹೊಸ ಮ್ಯಾಗ್ಮಾ ಮೇಲೆ ಬರಬೇಕಾಗಿಲ್ಲ, ಹಾಗಾಗಿ ಮುನ್ಸೂಚನೆಯೂ ಅಷ್ಟಾಗಿ ಸಿಗುವುದಿಲ್ಲ. ನ್ಯೂಜಿಲೆಂಡಿನ ವಾಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಹೀಗೇ ಆಯಿತು. ಆಗ ದ್ವೀಪದ ಮೇಲೆ 47 ಜನ ಇದ್ದರು. 22 ಜನ ಸತ್ತರು.

ಎಷ್ಟು ದೂರದಲ್ಲಿದ್ದರೆ ಸುರಕ್ಷಿತ?

ಒಂದೇ ಸಂಖ್ಯೆ ಕೊಟ್ಟರೆ ಅದು ಸುಳ್ಳಾಗುತ್ತದೆ. ಮೂರು ಘಟನೆ ನೋಡಿ.

1980ರ ಮೇ 18ರ ಬೆಳಿಗ್ಗೆ ಡೇವಿಡ್ ಜಾನ್‌ಸ್ಟನ್ ಅನ್ನುವ ಭೂವಿಜ್ಞಾನಿ ಸೇಂಟ್ ಹೆಲೆನ್ಸ್‌ನಿಂದ ಸುಮಾರು 10 ಕಿ.ಮೀ ದೂರದ ವೀಕ್ಷಣಾ ಜಾಗದಲ್ಲಿದ್ದರು. ಬೆಟ್ಟ ಮೇಲಕ್ಕೆ ಸಿಡಿಯುವ ಬದಲು ಅದರ ಉತ್ತರದ ಮಗ್ಗುಲು ಕುಸಿಯಿತು, ಸ್ಫೋಟ ಅಡ್ಡಡ್ಡ ನುಗ್ಗಿತು. ಜಾನ್‌ಸ್ಟನ್ ಉಳಿಯಲಿಲ್ಲ. ಅವತ್ತು ಸತ್ತವರು ಒಟ್ಟು 57 ಜನ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ 1985ರ ನವೆಂಬರ್ 13ರ ರಾತ್ರಿ ಉಗುಳಿತು. ಸ್ಫೋಟ ಅಂಥ ದೊಡ್ಡದೇನಲ್ಲ. ಆದರೆ ಶಿಖರದ ಹಿಮ ಕರಗಿ, ಬೂದಿ, ಮಣ್ಣು, ಬಂಡೆಗಳ ಜೊತೆ ಸೇರಿ ಕೆಸರಿನ ಪ್ರವಾಹವಾಗಿ ನದಿ ಕಣಿವೆಗಳಲ್ಲಿ ಇಳಿಯಿತು. ಇದಕ್ಕೆ ಲಾಹಾರ್ ಅನ್ನುತ್ತಾರೆ. ಸುಮಾರು ಎರಡೂವರೆ ಗಂಟೆ ಬಿಟ್ಟು ಅದು ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಒಟ್ಟು 23,000ದಷ್ಟು ಜನ ಸತ್ತರು. ಆ ಪಟ್ಟಣದಲ್ಲಿ ನಿಂತವರಿಗೆ ಜ್ವಾಲಾಮುಖಿ ‘ದೂರ’ವೇ ಇತ್ತು.

2018ರ ಜುಲೈಯಲ್ಲಿ ಕಿಲಾವೆಯಾದ ಲಾವಾ ಸಮುದ್ರಕ್ಕೆ ಬೀಳುವುದನ್ನು ನೋಡಲು ಹೋದ ದೋಣಿಯ ಮೇಲೆ ಬಿಸಿ ಕಲ್ಲು ಬಿದ್ದು 23 ಜನರಿಗೆ ಗಾಯವಾಯಿತು. ಉಗುಳುತ್ತಿದ್ದ ಬಾಯಿ ಅಲ್ಲಿಂದ ಕಿಲೋಮೀಟರುಗಟ್ಟಲೆ ದೂರದಲ್ಲಿತ್ತು. ಲಾವಾ ಸಮುದ್ರದ ನೀರಿಗೆ ತಾಗಿ ಸಿಡಿದದ್ದು ಕಾರಣ.

ಹಾಗಾಗಿ ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ನಾನು ಕಣಿವೆಯಲ್ಲಿದ್ದೇನಾ, ದಿಣ್ಣೆಯ ಮೇಲಿದ್ದೇನಾ? ಗಾಳಿ ಯಾವ ಕಡೆಗೆ ಬೀಸುತ್ತಿದೆ? ಶಿಖರದಲ್ಲಿ ಹಿಮ ಅಥವಾ ಕೆರೆ ಇದೆಯಾ? ವಾಪಸ್ ಹೋಗಲು ಎರಡನೇ ದಾರಿ ಇದೆಯಾ? ಅಧಿಕೃತ ಅಪಾಯ ವಲಯದ ನಕ್ಷೆಯನ್ನು ಇವುಗಳನ್ನೆಲ್ಲ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಅದರ ಗೆರೆ ದಾಟಬೇಡಿ. ರೂಯಿಸ್‌ಗೂ ಅಂಥ ನಕ್ಷೆ ಇತ್ತು. ಆರ್ಮೆರೊಗೆ ಅಪಾಯವಿದೆ ಅಂತ ಅದರಲ್ಲಿ ಒಂದು ತಿಂಗಳ ಮೊದಲೇ ತೋರಿಸಿದ್ದರು.

ಲಾವಾ ಬಂದರೆ ಓಡಿ ತಪ್ಪಿಸಿಕೊಳ್ಳಬಹುದು ಅಲ್ವಾ?

ಬಹುತೇಕ ಸಲ ನಡೆದೇ ತಪ್ಪಿಸಿಕೊಳ್ಳಬಹುದು. ಕಾಂಗೋದ ನ್ಯಿರಾಗೊಂಗೊ ಇದಕ್ಕೆ ಅಪವಾದ. ಅದರ ಲಾವಾ ವಿಪರೀತ ತೆಳು. 1977ರಲ್ಲಿ ಲಾವಾ ಕೆರೆ ಒಡೆದು ಇಳಿಜಾರಿನಲ್ಲಿ ವಾಹನದ ವೇಗದಲ್ಲಿ ಹರಿದು ಜನರನ್ನು ಕೊಂದಿತು.

ಓಡಿ ಗೆಲ್ಲಲಾಗದ್ದು ಪೈರೋಕ್ಲಾಸ್ಟಿಕ್ ಪ್ರವಾಹದ ಎದುರು. ಬಿಸಿ ಅನಿಲ, ಬೂದಿ, ಕಲ್ಲುಗಳು ಒಂದಾಗಿ ನೆಲಕ್ಕೆ ಒತ್ತಿಕೊಂಡು ಇಳಿಯುವ ಮೋಡ ಅದು. ನೂರಾರು ಡಿಗ್ರಿ ಬಿಸಿ, ಗಂಟೆಗೆ ನೂರು ಕಿ.ಮೀ ಮೀರುವ ವೇಗ. ಕಾರಿದ್ದರೂ ನಂಬುವಂತಿಲ್ಲ.

ವಿಜ್ಞಾನಿಗಳು ಮೊದಲು ಏನು ನೋಡುತ್ತಾರೆ?

ಬೆಟ್ಟ ಸುಮ್ಮನಿದ್ದಾಗ ಹೇಗಿರುತ್ತದೆ ಅನ್ನುವುದನ್ನು. ಇಡೀ ವಿದ್ಯೆಯ ಬುಡ ಇದೇ.

ನೆರೆಮನೆಯ ನಾಯಿ ದಿನಾ ರಾತ್ರಿ ಬೊಗಳುತ್ತಿದ್ದರೆ ಯಾರಿಗೂ ಎಚ್ಚರವಾಗುವುದಿಲ್ಲ. ಎಂದೂ ಬೊಗಳದ ನಾಯಿ ಒಂದು ಸಲ ಬೊಗಳಿದರೆ ಎದ್ದು ಕೂರುತ್ತೇವೆ. ಜ್ವಾಲಾಮುಖಿಯೂ ಹೀಗೇ. ದಿನಕ್ಕೆ 50 ಸಣ್ಣ ಕಂಪನ ಒಂದು ಬೆಟ್ಟಕ್ಕೆ ಮಾಮೂಲು, ಇನ್ನೊಂದಕ್ಕೆ ಅಪಾಯದ ಗಂಟೆ. ಯಾವುದಕ್ಕೆ ಯಾವುದು ಅಂತ ತಿಳಿಯಬೇಕಾದರೆ ಅದು ಮಲಗಿದ್ದಾಗಲೇ ವರ್ಷಗಟ್ಟಲೆ ಅಳತೆ ಇಟ್ಟಿರಬೇಕು. 1841ರಲ್ಲಿ ಇಟಲಿಯ ವೆಸುವಿಯಸ್ ಪಕ್ಕದಲ್ಲಿ ಶುರುವಾದ ವೀಕ್ಷಣಾಲಯ ಪ್ರಪಂಚದಲ್ಲೇ ಹಳೆಯದು. ಹವಾಯಿಯಲ್ಲಿ 1912ರಲ್ಲಿ ಥಾಮಸ್ ಜಾಗರ್ ಇನ್ನೊಂದನ್ನು ಕಟ್ಟಿದರು. ಅನಾಹುತ ಆದಮೇಲೆ ಬಂದು ಹೆಣ ಎಣಿಸಿ ಹೋಗುವ ವಿಜ್ಞಾನ ಸಾಕು, ಬೆಟ್ಟದ ಪಕ್ಕದಲ್ಲೇ ಕೂತು ದಿನಾ ನೋಡಬೇಕು ಅನ್ನುವುದು ಅವರ ಹಟ. ಇವತ್ತಿಗೂ ಪ್ರಪಂಚದ ಎಷ್ಟೋ ಸಕ್ರಿಯ ಜ್ವಾಲಾಮುಖಿಗಳ ಮೇಲೆ ಒಂದೇ ಒಂದು ಉಪಕರಣವೂ ಇಲ್ಲ.

ಕಂಪನದಿಂದ ಏನು ಗೊತ್ತಾಗುತ್ತದೆ?

ಭೂಕಂಪಮಾಪಕ ಇಲ್ಲದೆ ಈ ಕೆಲಸ ಶುರುವೇ ಆಗುವುದಿಲ್ಲ. ಒಂದೇ ಉಪಕರಣಕ್ಕೆ ದುಡ್ಡಿದ್ದರೆ ಎಲ್ಲರೂ ಇದನ್ನೇ ಕೊಳ್ಳುತ್ತಾರೆ.

ಕಂಪನಗಳಲ್ಲಿ ಜಾತಿಗಳಿವೆ. ಮ್ಯಾಗ್ಮಾ ದಾರಿ ಮಾಡಿಕೊಳ್ಳುವಾಗ ಕಲ್ಲು ಒಡೆದರೆ ಚುರುಕಾದ, ಚೂಪಾದ ಕಂಪನ ಬರುತ್ತದೆ. ಬಿರುಕುಗಳಲ್ಲಿ ದ್ರವ, ಅನಿಲ ಅಲುಗಾಡಿದರೆ ನಿಧಾನವಾದ, ಉದ್ದನೆಯ ಅಲೆ. ಮ್ಯಾಗ್ಮಾ ಅಥವಾ ಅನಿಲ ಒಂದೇ ಸಮನೆ ಚಲಿಸುತ್ತಿದ್ದರೆ ನಿಮಿಷ, ಗಂಟೆಗಟ್ಟಲೆ ನಿಲ್ಲದ ನಡುಕ. ಇವು ಯಾವ ಕ್ರಮದಲ್ಲಿ ಬರುತ್ತವೆ, ಎಷ್ಟು ಆಳದಿಂದ ಬರುತ್ತವೆ, ದಿನದಿಂದ ದಿನಕ್ಕೆ ಮೇಲೆ ಬರುತ್ತಿವೆಯಾ ಅನ್ನುವುದೇ ಕಥೆ.

ಕೊಲಂಬಿಯಾದ ಗಲೆರಾಸ್‌ನಲ್ಲಿ ಒಂದು ವಿಚಿತ್ರ ಗುರುತು ಸಿಕ್ಕಿತು. ಜೋರಾಗಿ ಶುರುವಾಗಿ ನಿಧಾನಕ್ಕೆ ಸಣ್ಣದಾಗುತ್ತಾ ಹೋಗುವ ಅಲೆ, ಕಾಗದದ ಮೇಲೆ ಥೇಟ್ ಸ್ಕ್ರೂ ಥರ ಕಾಣುತ್ತದೆ. ಅಲ್ಲಿನವರು ಅದನ್ನು ಸ್ಕ್ರೂ ಅಂತಲೇ, ಸ್ಪ್ಯಾನಿಷ್‌ನಲ್ಲಿ ‘ಟೊರ್ನಿಯೊ’ ಅಂತ, ಕರೆದರು. ದಿನಕ್ಕೆ ಕೆಲವೇ ಕೆಲವು ಬಂದವು. ಎಣಿಕೆಯಲ್ಲಿ ಕಡಿಮೆ ಅಂತ ಬಿಟ್ಟರೆ ಕೆಟ್ಟಂತೆ, ಏಕೆಂದರೆ ಅವು ಬಂದ ಮೇಲೆ ಗಲೆರಾಸ್ ಸಿಡಿಯಿತು.

ಬೆಟ್ಟ ಊದಿಕೊಳ್ಳುತ್ತದಂತೆ, ನಿಜವಾ?

ನಿಜ. ಒಳಗೆ ಮ್ಯಾಗ್ಮಾ ತುಂಬಿದರೆ ಮೇಲಿನ ನೆಲ ಏರುತ್ತದೆ, ಖಾಲಿಯಾದರೆ ಇಳಿಯುತ್ತದೆ. ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಅದು. ಅದಕ್ಕೇ ವಾಲುಮಾಪಕ ಬೇಕು. ಒಂದು ಕಿಲೋಮೀಟರ್ ಉದ್ದದ ಸರಳಿನ ಒಂದು ತುದಿಯನ್ನು ಒಂದು ಮಿಲಿಮೀಟರ್ ಎತ್ತಿದರೆ ಎಷ್ಟು ವಾಲುತ್ತದೋ ಅಷ್ಟನ್ನೂ ಅದು ಹಿಡಿಯುತ್ತದೆ. ಬಂಡೆಗೆ ಜಡಿದ ಜಿಪಿಎಸ್ ಯಂತ್ರ ನೆಲ ಯಾವ ಕಡೆಗೆ ಎಷ್ಟು ಸರಿಯಿತು ಅಂತ ಹೇಳುತ್ತದೆ. ರಾಡಾರ್ ಉಪಗ್ರಹ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಹಾದು ಹೋಗಿ, ಎರಡು ಸಲದ ಚಿತ್ರ ಹೋಲಿಸಿ, ಸೆಂಟಿಮೀಟರ್‌ಗಿಂತ ಸಣ್ಣ ಏರಿಳಿತವನ್ನೂ ತೋರಿಸಬಲ್ಲದು. ಯಾರೂ ಕಾಲಿಡದ ಬೆಟ್ಟಕ್ಕೂ ಇದು ನಡೆಯುತ್ತದೆ.

ಸೇಂಟ್ ಹೆಲೆನ್ಸ್‌ನದ್ದು ಮಾತ್ರ ಬರಿಗಣ್ಣಿಗೇ ಕಾಣುವ ಊತ. ಅದರ ಉತ್ತರ ಮಗ್ಗುಲು ದಿನಕ್ಕೆ ಒಂದೂವರೆಯಿಂದ ಎರಡು ಮೀಟರ್ ಹೊರಗೆ ಉಬ್ಬುತ್ತಿತ್ತು.

ಈಚಿನ ಒಳ್ಳೆಯ ಉದಾಹರಣೆ ಐಸ್‌ಲ್ಯಾಂಡಿನ ಗ್ರಿಂಡಾವಿಕ್ ಪಟ್ಟಣ. 2023ರ ನವೆಂಬರ್ 10ರಂದು ಭೂಕಂಪಗಳ ಸರಣಿ ಜೋರಾಯಿತು. ನೆಲದ ಚಲನೆ ನೋಡಿದರೆ ಮ್ಯಾಗ್ಮಾ ಪಟ್ಟಣದ ಕೆಳಗೇ ಉದ್ದಕ್ಕೆ ನುಗ್ಗುತ್ತಿರುವುದು ಗೊತ್ತಾಯಿತು. ಸುಮಾರು 4,000 ಜನರನ್ನು ಅವತ್ತೇ ರಾತ್ರಿ ಖಾಲಿ ಮಾಡಿಸಿದರು. ಲಾವಾ ಹೊರಗೆ ಬಂದದ್ದು ಡಿಸೆಂಬರ್ 18ಕ್ಕೆ. 2024ರ ಜನವರಿಯಲ್ಲಿ ಮತ್ತೊಂದು ಬಿರುಕಿನಿಂದ ಬಂದ ಲಾವಾ ಪಟ್ಟಣದೊಳಗೇ ಹರಿದು ಮನೆಗಳನ್ನು ಸುಟ್ಟಿತು. ಮನೆಗಳು ಹೋದವು. ಒಳಗೆ ಜನ ಇರಲಿಲ್ಲ.

ಅನಿಲ ಅಳೆಯುವುದು ಯಾಕೆ?

ಮ್ಯಾಗ್ಮಾ ಎಲ್ಲಿಯವರೆಗೆ ಬಂದಿದೆ ಅಂತ ಹೇಳುವುದು ಅನಿಲವೇ. ಕಾರ್ಬನ್ ಡೈಆಕ್ಸೈಡ್ ತುಂಬಾ ಆಳದಲ್ಲೇ ಮ್ಯಾಗ್ಮಾ ಬಿಟ್ಟು ಹೊರಡುತ್ತದೆ. ಸಲ್ಫರ್ ಡೈಆಕ್ಸೈಡ್ ಹೊರಡುವುದು ಮ್ಯಾಗ್ಮಾ ಸಾಕಷ್ಟು ಮೇಲೆ ಬಂದ ಮೇಲೆ. ಎರಡರ ಪ್ರಮಾಣ ಬದಲಾದರೆ ಒಳಗೆ ಏನೋ ಸರಿದಿದೆ ಅಂತ ಅರ್ಥ.

ಸಲ್ಫರ್ ಡೈಆಕ್ಸೈಡ್ ಸೂರ್ಯನ ಅತಿನೇರಳೆ ಬೆಳಕನ್ನು ಹೀರುತ್ತದೆ. ಹಾಗಾಗಿ ಹೊಗೆಯ ಕೆಳಗೆ ಕಾರಿನಲ್ಲಿ ಹೋಗುತ್ತಾ ಆಕಾಶದ ಕಡೆ ಸಂವೇದಕ ಹಿಡಿದರೆ ದಿನಕ್ಕೆ ಎಷ್ಟು ಟನ್ ಹೊರಗೆ ಬರುತ್ತಿದೆ ಅಂತ ಲೆಕ್ಕ ಸಿಗುತ್ತದೆ. ರಾತ್ರಿ ಮಾತ್ರ ಈ ಆಟ ನಡೆಯುವುದಿಲ್ಲ. 1991ರ ಮೇ 13ರಂದು ಪಿನಾಟುಬೊದಿಂದ ದಿನಕ್ಕೆ ಸುಮಾರು 500 ಟನ್ ಬರುತ್ತಿತ್ತು. ಎರಡು ವಾರದಲ್ಲಿ ಅದು ಹತ್ತು ಪಟ್ಟಾಯಿತು. ಆಮೇಲೆ ಒಮ್ಮೆಲೇ ಕಡಿಮೆಯಾಯಿತು. ಕಡಿಮೆಯಾದರೆ ಸಮಾಧಾನ ಅನ್ನಿಸಬೇಕು ಅಲ್ವಾ? ಅಲ್ಲಿದ್ದವರಿಗೆ ಇನ್ನೂ ಭಯವಾಯಿತು. ದಾರಿ ಮುಚ್ಚಿಕೊಂಡು ಅನಿಲ ಒಳಗೇ ತುಂಬುತ್ತಿರಬಹುದು ಅಂತ.

ಬಿಸಿ ಲಾವಾದ ಮಾದರಿಯನ್ನು ಹೇಗೆ ತೆಗೆಯುತ್ತಾರೆ?

ಹವಾಯಿಯಲ್ಲಿ ಸುತ್ತಿಗೆಯ ಹಿಂಬದಿಯಿಂದ ಕೆಂಪು ಲಾವಾವನ್ನು ಸ್ವಲ್ಪ ಕೆರೆದು ಎತ್ತುತ್ತಾರೆ. ಪಕ್ಕದಲ್ಲಿ ನೀರಿನ ಬಕೆಟ್ ಇರುತ್ತದೆ, ತಕ್ಷಣ ಅದರೊಳಗೆ. ಹತ್ತಿರ ಹೋಗಲು ಆಗದಿದ್ದರೆ ಉಕ್ಕಿನ ಹಗ್ಗಕ್ಕೆ ಸುತ್ತಿಗೆಯ ತಲೆ ಕಟ್ಟಿ ಎಸೆದು ಎಳೆಯುತ್ತಾರೆ. ಕೇಳಲು ಒರಟು, ಆದರೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಯಂತ್ರ ಬಂದಿಲ್ಲ.

ನೀರಿಗೆ ಅದ್ದುವುದಕ್ಕೆ ಕಾರಣವಿದೆ. ತಾನಾಗಿ ಆರಿದರೆ ಹೊಸ ಹರಳುಗಳು ಬೆಳೆದು ಮೂಲ ಸ್ಥಿತಿ ಅಳಿಸಿಹೋಗುತ್ತದೆ. ಥಟ್ಟನೆ ಆರಿಸಿದರೆ ಗಾಜಾಗುತ್ತದೆ, ಆ ಗಳಿಗೆಯ ರಾಸಾಯನಿಕ ಲೆಕ್ಕ ಅದರಲ್ಲಿ ಹಾಗೇ ಉಳಿಯುತ್ತದೆ. ಲಾವಾದ ಬಿಸಿ ಎಷ್ಟಿತ್ತು, ಅದು ಹೊಸ ಮ್ಯಾಗ್ಮಾವಾ ಅಥವಾ ಹಳೆಯದು ಉಳಿದದ್ದಾ ಅಂತ ಆ ಗಾಜಿನಿಂದ ಹೇಳಬಹುದು. 2018ರಲ್ಲಿ ಕಿಲಾವೆಯಾದ ತಪ್ಪಲಿನಲ್ಲಿ ಮೊದಲು ಬಂದ ಲಾವಾ ಅಷ್ಟು ಬಿಸಿಯಿರಲಿಲ್ಲ, ಮಂದವಾಗಿತ್ತು. ಹಳೆಯ ದಾಸ್ತಾನು ಅದು. ಕೆಲವು ವಾರದಲ್ಲಿ ಬಿಸಿಯಾದ, ತೆಳುವಾದ ಲಾವಾ ಬಂತು. ಹೊಸ ಮಾಲು ಬಂದಿದೆ, ಇನ್ನು ಜೋರಾಗಿ ಹರಿಯುತ್ತದೆ ಅಂತ ಗೊತ್ತಾಗಿದ್ದು ಮಾದರಿಗಳಿಂದಲೇ. ಆ ಸಲ 700ಕ್ಕೂ ಹೆಚ್ಚು ಮನೆಗಳು ಹೋದವು.

ಅಂದಹಾಗೆ, ಹವಾಯಿಯಲ್ಲಿ ಬರುವಂಥ ತೆಳ್ಳನೆಯ ಬಸಾಲ್ಟ್ ಲಾವಾದ ಬಿಸಿ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ಅದರ ಮುಂದೆ ಕೆಲವು ಕ್ಷಣಕ್ಕಿಂತ ಜಾಸ್ತಿ ನಿಲ್ಲಲಾಗುವುದಿಲ್ಲ.

ಬೂದಿ ಅಂದರೆ ಒಲೆಯ ಬೂದಿಯ ಥರವಾ?

ಸ್ವಲ್ಪವೂ ಅಲ್ಲ. ಇಲ್ಲಿ ಏನೂ ಉರಿದಿರುವುದಿಲ್ಲ. ಇದು ಪುಡಿಯಾದ ಕಲ್ಲು ಮತ್ತು ಗಾಜು. ಎರಡು ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಬೂದಿ ಅನ್ನುತ್ತಾರೆ. ನೀರಲ್ಲಿ ಕರಗುವುದಿಲ್ಲ, ಕಣ್ಣನ್ನು ಗೀರುತ್ತದೆ, ನೆಂದರೆ ಭಾರವಾಗಿ ಸೂರು ಮುರಿಯುತ್ತದೆ. ಪಿನಾಟುಬೊ ಸಿಡಿದ ದಿನವೇ ಯುನ್ಯಾ ಚಂಡಮಾರುತ ಬಂದು ಬೂದಿ ನೆನೆಯಿತು. ಅಲ್ಲಿ ಸತ್ತವರಲ್ಲಿ ಬಹಳ ಜನ ಕುಸಿದ ಸೂರಿನ ಕೆಳಗೆ ಸಿಕ್ಕವರು.

ವಿಮಾನಕ್ಕೂ ಇದು ಶತ್ರು. 1982ರ ಜೂನ್ 24ರಂದು ಇಂಡೊನೇಷ್ಯಾದ ಗಲುಂಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ಜಂಬೊ ವಿಮಾನದ ನಾಲ್ಕೂ ಎಂಜಿನ್ ನಿಂತವು. ಬೂದಿಯ ಗಾಜು ಎಂಜಿನ್ ಬಿಸಿಗೆ ಕರಗಿ ಒಳಗೆ ಅಂಟಿಕೊಂಡಿತ್ತು. ವಿಮಾನ ಕೆಳಗಿಳಿಯುತ್ತಾ ಬೂದಿಯಿಂದ ಹೊರಗೆ ಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡು ಜಕಾರ್ತಾದಲ್ಲಿ ಇಳಿಯಿತು. ಈಗ ಪ್ರಪಂಚವನ್ನು ಹಂಚಿಕೊಂಡು 9 ಕೇಂದ್ರಗಳು ಆಕಾಶದ ಬೂದಿಯನ್ನು ಹಗಲೂ ರಾತ್ರಿ ಹಿಂಬಾಲಿಸುತ್ತವೆ. 2010ರಲ್ಲಿ ಐಸ್‌ಲ್ಯಾಂಡಿನ ಎಯಾಫ್ಯಾತ್ಲಾಯೊಕುತ್ಲ್‌ನಿಂದ ಯುರೋಪಿನ ಸುಮಾರು ಒಂದು ಲಕ್ಷ ವಿಮಾನಯಾನಗಳು ರದ್ದಾದವು. ಆ ಹೆಸರು ಹೇಳಲು ವಾರ್ತೆ ಓದುವವರು ಪಟ್ಟ ಪಾಡು ಬೇರೆ!

ನನ್ನಂಥವರು ಬೂದಿಯನ್ನು ಅಧ್ಯಯನಕ್ಕೆ ಸಂಗ್ರಹಿಸಬಹುದಾ?

ಬೂದಿ ಬೀಳುವ ಊರಿನಲ್ಲಿದ್ದರೆ ಖಂಡಿತ. ಕೆಲವು ವೀಕ್ಷಣಾಲಯಗಳು ಜನರಿಂದಲೇ ಮಾದರಿ ಕೇಳಿ ಪಡೆಯುತ್ತವೆ. ಅಗಲ ಗೊತ್ತಿರುವ ಸಮತಟ್ಟಾದ ತಟ್ಟೆಯನ್ನು ಬಯಲಲ್ಲಿಡಿ. ಬೀಳಲು ಶುರುವಾದ ಹೊತ್ತು, ನಿಂತ ಹೊತ್ತು, ಜಾಗ ಬರೆದಿಡಿ. ಬಿದ್ದದ್ದರ ದಪ್ಪ ಅಳೆದು, ಮಳೆಗೆ ಸಿಗದಂತೆ ಒಣಗಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಹೊತ್ತು, ಜಾಗ ಬರೆಯದ ಬೂದಿ ಸುಮ್ನೆ ಮಣ್ಣು. ಎನ್95 ಮಾಸ್ಕ್, ಬಿಗಿಯಾದ ಕನ್ನಡಕ ಬೇಕೇ ಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಲೇಬೇಡಿ.

ಮೋಡ ಕವಿದಿದ್ದರೆ, ಕತ್ತಲಾದರೆ ಏನು ಮಾಡುತ್ತಾರೆ?

ಕೇಳಿಸಿಕೊಳ್ಳುತ್ತಾರೆ. ಸ್ಫೋಟದಿಂದ ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಸದ್ದು, 20 ಹರ್ಟ್ಸ್‌ಗಿಂತ ಕೆಳಗಿನದು, ನೂರಾರು ಕಿ.ಮೀ ಹೋಗುತ್ತದೆ. 2022ರ ಜನವರಿ 15ರಂದು ಟೊಂಗಾದ ಸಮುದ್ರದಲ್ಲಿ ಸಿಡಿದ ಹುಂಗಾ ಜ್ವಾಲಾಮುಖಿಯ ಒತ್ತಡದ ಅಲೆ ಭೂಮಿಯನ್ನೇ ಸುತ್ತಿತು. ಅದರ ಹೊಗೆಯ ಕಂಬ 57 ಕಿ.ಮೀ ಎತ್ತರಕ್ಕೆ ಏರಿತ್ತು. ಬೂದಿಯ ಕಣಗಳು ಒಂದಕ್ಕೊಂದು ತಿಕ್ಕಿ ಹುಟ್ಟುವ ಮಿಂಚನ್ನು ಗುರುತಿಸುವ ಜಾಲಗಳೂ ಇವೆ. ಶಾಖ ಹಿಡಿಯುವ ಕ್ಯಾಮೆರಾ ಕತ್ತಲಲ್ಲೂ ತೆಳು ಹೊಗೆಯಲ್ಲೂ ನೋಡುತ್ತದೆ, ದಪ್ಪ ಮೋಡದಲ್ಲಿ ಅದೂ ಕುರುಡು.

ಯಾವಾಗ ಸಿಡಿಯುತ್ತದೆ ಅಂತ ಮೊದಲೇ ಹೇಳಲು ಆಗುತ್ತದಾ?

ಎಲ್ಲರಿಗೂ ಬೇಕಾದ ಪ್ರಶ್ನೆ. ಅಳತೆ ಚೆನ್ನಾಗಿ ನಡೆಯುತ್ತಿರುವ ಬೆಟ್ಟದಲ್ಲಿ, ಮ್ಯಾಗ್ಮಾ ಮೇಲೆ ಬರುವ ಥರದ ಸ್ಫೋಟವಾದರೆ, ಬಹಳ ಸಲ ಹೇಳಬಹುದು. ತಾರೀಖು, ಗಂಟೆ ಹೇಳುವುದಲ್ಲ. ‘ಮುಂದಿನ ಎರಡು ವಾರದಲ್ಲಿ ಆಗುವ ಸಾಧ್ಯತೆ ಇದೆ’ ಅನ್ನುವ ಥರ.

ಪಿನಾಟುಬೊ ಇದರ ದೊಡ್ಡ ಗೆಲುವು. 500 ವರ್ಷ ಮಲಗಿದ್ದ ಬೆಟ್ಟ 1991ರಲ್ಲಿ ಎದ್ದಿತು. ಫಿಲಿಪ್ಪೀನ್ಸ್‌ನ ಜ್ವಾಲಾಮುಖಿ, ಭೂಕಂಪಗಳ ಸಂಸ್ಥೆ ಫಿವೋಲ್ಕ್ಸ್‌ನವರೂ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರೂ ಸೇರಿ ಕೆಲವೇ ವಾರದಲ್ಲಿ ಉಪಕರಣ ಜೋಡಿಸಿದರು. ಹತ್ತಾರು ಸಾವಿರ ಜನರನ್ನು ಖಾಲಿ ಮಾಡಿಸಿದರು. ಜೂನ್ 15ರಂದು ಅದು ಸಿಡಿಯಿತು. 20ನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಕನಿಷ್ಠ 5,000 ಜೀವ ಉಳಿಯಿತು ಅನ್ನುವುದು ಅವರ ಅಂದಾಜು.

ಈಗ ಇನ್ನೊಂದು ಮಗ್ಗುಲು. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ 1976ರಲ್ಲಿ ಲಾ ಸೂಫ್ರಿಯೆರ್ ಗುಡುಗಿತು. 70 ಸಾವಿರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಮನೆಯಿಂದ ದೂರ ಇಟ್ಟರು. ಹಬೆಯ ಸ್ಫೋಟಗಳು ಆದವು, ಎಲ್ಲರೂ ಹೆದರಿದ್ದ ದೊಡ್ಡ ಸ್ಫೋಟ ಬರಲೇ ಇಲ್ಲ. ವಿಜ್ಞಾನಿಗಳು ಬಹಿರಂಗವಾಗಿ ಜಗಳವಾಡಿದರು. ಜನರ ಕೆಲಸ, ಬೆಳೆ, ಶಾಲೆ ಎಲ್ಲ ಕೆಟ್ಟವು. ಜಪಾನಿನ ಒಂಟಾಕೆಯದು ಇದರ ಉಲ್ಟಾ. 2014ರ ಸೆಪ್ಟೆಂಬರ್ 27, ಶನಿವಾರ ಮಧ್ಯಾಹ್ನದ ಹೊತ್ತು. ಎಚ್ಚರಿಕೆಯ ಮಟ್ಟ ಅತಿ ಕೆಳಗಿನ 1ರಲ್ಲಿತ್ತು. ಶಿಖರದ ತುಂಬ ಚಾರಣಿಗರು. ಹಬೆಯ ಸ್ಫೋಟವಾಗಿ 63 ಜನ ಸತ್ತರು ಅಥವಾ ಕಾಣೆಯಾದರು. ಎರಡು ವಾರ ಮೊದಲು ಸಣ್ಣ ಕಂಪನಗಳು ಹೆಚ್ಚಾಗಿದ್ದವು, ಆದರೆ ಹಾಗೆ ಹೆಚ್ಚಾಗಿ ಸುಮ್ಮನಾಗುವುದೂ ಉಂಟು.

ಐಸ್‌ಲ್ಯಾಂಡಿನ ಹೆಕ್ಲಾ ಬೆಟ್ಟವಂತೂ ಒಂದು ಗಂಟೆಯ ಆಸುಪಾಸಿನಷ್ಟೇ ಸಮಯ ಕೊಡುತ್ತದೆ. ಚಾರಣಿಗರು ಮೇಲಿದ್ದರೆ ಇಳಿಯಲೂ ಸಾಲದು.

ನನಗೆ ಅನ್ನಿಸುವುದು ಇಷ್ಟು. ಉಪಕರಣ ಹೇಳುವುದನ್ನು ಓದುವುದು ಕಷ್ಟದ ಅರ್ಧ ಮಾತ್ರ. ‘ಬಹುಶಃ’ ಅನ್ನುವ ಮಾತಿನ ಮೇಲೆ ಸಾವಿರಾರು ಜನರನ್ನು ಎಬ್ಬಿಸಿ ಕಳಿಸುವುದು ಉಳಿದರ್ಧ. ಖಾಲಿ ಮಾಡಿಸಿ ಏನೂ ಆಗದಿದ್ದರೆ ಬೈಗುಳ, ಮುಂದಿನ ಸಲ ಯಾರೂ ಕದಲುವುದಿಲ್ಲ. ಸುಮ್ಮನಿದ್ದು ಸಿಡಿದರೆ ಆರ್ಮೆರೊ. ಈ ತೀರ್ಮಾನ ತೆಗೆದುಕೊಳ್ಳುವುದು ವಿಜ್ಞಾನಿಯಲ್ಲ, ಆಡಳಿತ. ವಿಜ್ಞಾನಿಯ ಮಾತು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಹೊತ್ತಿಗೆ ಸರಿಯಾಗಿ ತಲುಪಬೇಕು.

ಹಸಿರು, ಹಳದಿ, ಕಿತ್ತಳೆ, ಕೆಂಪು ಅಂದರೇನು?

ಇದು ವಿಮಾನಗಳಿಗಾಗಿ ಇರುವ ಬಣ್ಣದ ಸಂಕೇತ. ಹಸಿರು ಮಾಮೂಲು, ಕೆಂಪು ಅಂದರೆ ದೊಡ್ಡ ಬೂದಿ ಬರುತ್ತಿದೆ ಅಥವಾ ಇನ್ನೇನು ಬರಲಿದೆ. ನೆಲದ ಮೇಲಿನವರಿಗೆ ಎಚ್ಚರಿಕೆಯ ಮಟ್ಟ ಬೇರೆ ಇರುತ್ತದೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ದೇಶದ 2ನೇ ಮಟ್ಟವನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಲಾವಾ ಹರಿದು ಊರು ಸುಡುತ್ತಿದ್ದರೂ ಬೂದಿ ಇಲ್ಲದಿದ್ದರೆ ವಿಮಾನದ ಬಣ್ಣ ಕಿತ್ತಳೆಯಲ್ಲೇ ಇರಬಹುದು.

ಸ್ಫೋಟದ ಗಾತ್ರವನ್ನು ಹೇಗೆ ಅಳೆಯುತ್ತಾರೆ?

1982ರಲ್ಲಿ ಕ್ರಿಸ್ ನ್ಯೂಹಾಲ್, ಸ್ಟೀಫನ್ ಸೆಲ್ಫ್ ಇಬ್ಬರೂ ಸೇರಿ 0ಯಿಂದ 8ರ ವರೆಗಿನ ಒಂದು ಸೂಚ್ಯಂಕ ಮಾಡಿದರು. ಮುಖ್ಯವಾಗಿ ಎಷ್ಟು ಸಾಮಗ್ರಿ ಹೊರಗೆ ಬಂತು ಅನ್ನುವ ಲೆಕ್ಕ. ಮೇಲಿನ ಮಟ್ಟಗಳಲ್ಲಿ ಒಂದು ಹೆಜ್ಜೆ ಏರಿದರೆ ಹತ್ತು ಪಟ್ಟು. ಸೇಂಟ್ ಹೆಲೆನ್ಸ್ 5, ಪಿನಾಟುಬೊ 6, 1815ರಲ್ಲಿ ಸಿಡಿದ ಇಂಡೊನೇಷ್ಯಾದ ತಂಬೊರಾ 7. ಸಾವಿನ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. 23,000 ಜನರನ್ನು ಕೊಂದ ರೂಯಿಸ್ ಬರೀ 3.

ಇಷ್ಟೆಲ್ಲ ಉಪಕರಣ ಇದ್ದರೂ ವಿಜ್ಞಾನಿಗಳು ಯಾಕೆ ಹತ್ತಿರ ಹೋಗಿ ಸಾಯುತ್ತಾರೆ?

ಕೆಲವು ಅಳತೆ ದೂರದಿಂದ ಆಗುವುದೇ ಇಲ್ಲ. ಉಪಕರಣ ಇಡಲು, ಕೆಟ್ಟದ್ದನ್ನು ರಿಪೇರಿ ಮಾಡಲು, ಅನಿಲವನ್ನು ಬಾಟಲಿಗೆ ಹಿಡಿಯಲು ಯಾರಾದರೂ ಹೋಗಬೇಕು. 1993ರ ಜನವರಿ 14ರಂದು ಗಲೆರಾಸ್ ಕುಳಿಯೊಳಗೆ ಹೀಗೆ ಕೆಲಸ ಮಾಡುತ್ತಿದ್ದಾಗ ಅದು ಸಿಡಿದು ಆರು ವಿಜ್ಞಾನಿಗಳೂ ಮೂವರು ಪ್ರವಾಸಿಗರೂ ಸತ್ತರು. ಆಮೇಲೆ ಹೆಲ್ಮೆಟ್, ಕುಳಿಯಲ್ಲಿ ಇರುವ ಸಮಯ, ಜನರ ಸಂಖ್ಯೆ ಎಲ್ಲದರ ಬಗ್ಗೆಯೂ ನಿಯಮ ಬಿಗಿಯಾಯಿತು.

ಮತ್ತೆ ಕೆಲವರಿಗೆ ಅದು ಸೆಳೆತ. ಫ್ರಾನ್ಸಿನ ಮೌರಿಸ್ ಮತ್ತು ಕಾತ್ಯಾ ಕ್ರಾಫ್ಟ್ ದಂಪತಿ ನೂರಕ್ಕೂ ಹೆಚ್ಚು ಸ್ಫೋಟಗಳ ಹತ್ತಿರ ಹೋಗಿ ಚಿತ್ರೀಕರಿಸಿದ್ದರು. 1991ರ ಜೂನ್ 3ರಂದು ಜಪಾನಿನ ಉನ್‌ಜೆನ್‌ನಲ್ಲಿ ಪೈರೋಕ್ಲಾಸ್ಟಿಕ್ ಪ್ರವಾಹಕ್ಕೆ ಸಿಕ್ಕರು. ಜೊತೆಗಿದ್ದ ಅಮೆರಿಕದ ಜ್ವಾಲಾಮುಖಿ ವಿಜ್ಞಾನಿ ಹ್ಯಾರಿ ಗ್ಲಿಕನ್ ಸೇರಿ ಅವತ್ತು 43 ಜನ ಸತ್ತರು. ಗ್ಲಿಕನ್ 1980ರಲ್ಲಿ ಸೇಂಟ್ ಹೆಲೆನ್ಸ್‌ನಲ್ಲಿ ಜಾನ್‌ಸ್ಟನ್‌ಗಿಂತ ಮೊದಲು ಅದೇ ವೀಕ್ಷಣಾ ಜಾಗದಲ್ಲಿ ಕೆಲಸ ಮಾಡಿದ್ದವರು. ಕ್ರಾಫ್ಟ್ ದಂಪತಿ ತೆಗೆದ ದೃಶ್ಯಗಳನ್ನೇ ಆ ದಿನಗಳಲ್ಲಿ ಪಿನಾಟುಬೊ ಸುತ್ತ ಅಧಿಕಾರಿಗಳಿಗೂ ಜನರಿಗೂ ತೋರಿಸುತ್ತಿದ್ದರು. ಪೈರೋಕ್ಲಾಸ್ಟಿಕ್ ಪ್ರವಾಹ ಅಂದರೇನು ಅಂತ ಕಣ್ಣಾರೆ ನೋಡಿದ ಮೇಲೆ ಜಾಗ ಬಿಡಲು ಒಪ್ಪಿದವರು ಎಷ್ಟೋ ಜನ. ಅವರು ಹೋಗಿದ್ದು ಸರಿಯಾ ತಪ್ಪಾ ಅಂತ ವಾದ ಮಾಡುವವರು ಇದನ್ನೂ ತಕ್ಕಡಿಗೆ ಹಾಕಬೇಕು.

ಈಗ ಕುಳಿಯ ಮೇಲೆ ಡ್ರೋನ್ ಕಳಿಸಿ ಅನಿಲ ಅಳೆಯುತ್ತಾರೆ, ಲಾವಾದ ನಕ್ಷೆ ಮಾಡುತ್ತಾರೆ. ಡ್ರೋನ್ ಸುಟ್ಟುಹೋದರೆ ಇನ್ನೊಂದು ತರಬಹುದು. ಪ್ರವಾಸಿಗರು ಮಾತ್ರ ಅನುಮತಿ ಇಲ್ಲದೆ ಹಾರಿಸಬೇಡಿ, ಕೆಲಸದ ಹೆಲಿಕಾಪ್ಟರ್‌ಗಳಿಗೆ ತೊಂದರೆ.

ನೋಡಲು ಹೋಗುವವರು ಏನು ಒಯ್ಯಬೇಕು?

ದಪ್ಪ ತಳದ ಬೂಟು, ಉದ್ದ ಪ್ಯಾಂಟು, ಕೈಗವಸು. ಆರಿದ ಲಾವಾ ಗಾಜಿನ ಚೂರಿನಂತೆ ಕುಯ್ಯುತ್ತದೆ. ಹೆಲ್ಮೆಟ್, ತಲೆಗೆ ಕಟ್ಟುವ ಟಾರ್ಚ್, ಜಾಸ್ತಿ ನೀರು. ಬಟ್ಟೆಯ ಮಾಸ್ಕ್ ಬೂದಿಗೆ ಸ್ವಲ್ಪ ಆದೀತು, ಅನಿಲಕ್ಕೆ ಏನೂ ಮಾಡದು. ಅಸ್ತಮಾ ಇದ್ದವರು ಸಲ್ಫರ್ ಹೊಗೆಯ ಹತ್ತಿರ ಹೋಗಲೇಬಾರದು. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿರಬೇಕು. ತಗ್ಗು ಜಾಗದಲ್ಲಿ ಕೂತು ಬುತ್ತಿ ಬಿಚ್ಚಬೇಡಿ, ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಅಲ್ಲೇ ನಿಲ್ಲುತ್ತದೆ, ವಾಸನೆಯೂ ಇಲ್ಲ. ಕಲ್ಲು ಹಾರಿ ಬಂದರೆ ಬೆನ್ನು ಹಾಕಿ ಓಡಬೇಡಿ. ಮೇಲೆ ನೋಡುತ್ತಾ, ಅದು ಎಲ್ಲಿ ಬೀಳುತ್ತದೆ ಅಂತ ಅಂದಾಜು ಮಾಡಿ ಪಕ್ಕಕ್ಕೆ ಸರಿಯಿರಿ. ಹೇಳುವುದು ಸುಲಭ, ಗೊತ್ತು.

ಮನೆಯಲ್ಲೇ ಕೂತು ಕಲಿಯಬಹುದಾ?

ಧಾರಾಳವಾಗಿ. ಎಷ್ಟೋ ವೃತ್ತಿಪರರೂ ಹಾಗೇ ಮಾಡುತ್ತಾರೆ. ಕಿಲಾವೆಯಾದ ಕ್ಯಾಮೆರಾಗಳು, ವಾಲುಮಾಪಕದ ಗೆರೆಗಳು, ಕಂಪನದ ದಾಖಲೆ ಎಲ್ಲವೂ ಸಾರ್ವಜನಿಕರಿಗೆ ತೆರೆದಿವೆ. 2024ರ ಡಿಸೆಂಬರ್ 23ರಂದು ಅಲ್ಲಿ ಶುರುವಾದ ಸರಣಿಯಲ್ಲಿ ಲಾವಾ ಕಾರಂಜಿ ಕೆಲವು ಗಂಟೆ ಚಿಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಚಿಮ್ಮುತ್ತದೆ. ಕಾರಂಜಿ ನಿಂತಾಗ ವಾಲುಮಾಪಕದ ಗೆರೆ ಮೇಲೇರುತ್ತದೆ, ಚಿಮ್ಮುವಾಗ ಕುಸಿಯುತ್ತದೆ. ಕೆಲವು ಸಲ ನೋಡಿದರೆ ಮುಂದಿನದು ಹತ್ತಿರ ಬಂತಾ ಅಂತ ನೀವೇ ಊಹಿಸಲು ಶುರು ಮಾಡುತ್ತೀರಿ. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳೂ ಉಚಿತ. ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪದಂಥ ಜನವಸತಿಯಿಲ್ಲದ ಜ್ವಾಲಾಮುಖಿಯ ಬಿಸಿ ಚುಕ್ಕೆಯನ್ನೂ ಅದರಲ್ಲಿ ಹುಡುಕಬಹುದು.

ಉಪಕರಣ ಇಲ್ಲದೆ ಬರೀ ಕಣ್ಣಿನಿಂದ ಎಷ್ಟು ದಾಖಲಿಸಬಹುದು ಅನ್ನುವುದಕ್ಕೆ ರೋಮನ್ ಬರಹಗಾರ ಕಿರಿಯ ಪ್ಲಿನಿ ಸಾಕ್ಷಿ. ಕ್ರಿ.ಶ. 79ರಲ್ಲಿ ಕೊಲ್ಲಿಯ ಆಚೆ ದಡದಿಂದ ವೆಸುವಿಯಸ್ ಸಿಡಿಯುವುದನ್ನು ನೋಡಿದಾಗ ಅವನಿಗೆ 17 ವರ್ಷ. ಹೊಗೆಯ ಆಕಾರ, ಕತ್ತಲೆ, ಸಮುದ್ರ ಹಿಂದೆ ಸರಿದದ್ದು, ಎಲ್ಲವನ್ನೂ ಆಮೇಲೆ ಪತ್ರಗಳಲ್ಲಿ ಬರೆದ. ಅಷ್ಟು ನಿಖರವಾಗಿ ಬರೆದದ್ದರಿಂದ ಆ ಥರದ ಸ್ಫೋಟಕ್ಕೆ ಇವತ್ತಿಗೂ ಪ್ಲಿನಿಯನ್ ಅಂತಲೇ ಹೆಸರು.

ಜ್ವಾಲಾಮುಖಿಯಿಂದ ಭೂಮಿ ತಣ್ಣಗಾಗುತ್ತದಾ?

ದೊಡ್ಡ ಸ್ಫೋಟವಾದರೆ ಒಂದೆರಡು ವರ್ಷ ಹೌದು. ಬೂದಿಗಿಂತ ಗಂಧಕದ ಕೆಲಸ ಇದು. ಪಿನಾಟುಬೊ ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಮೇಲಿನ ವಾತಾವರಣಕ್ಕೆ ಕಳಿಸಿ ಭೂಮಿಯ ಸರಾಸರಿ ತಾಪವನ್ನು ಅರ್ಧ ಡಿಗ್ರಿಯಷ್ಟು ಇಳಿಸಿತು. ತಂಬೊರಾದ ಮರುವರ್ಷ, 1816ರಲ್ಲಿ, ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಬೇಸಿಗೆಯೇ ಬರಲಿಲ್ಲ.

ಉಗುಳುವುದು ಮುಗಿಯಿತು ಅಂತ ಯಾವಾಗ ಹೇಳುತ್ತಾರೆ?

ಸ್ಮಿತ್‌ಸೋನಿಯನ್ ದಾಖಲೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು ಏನೂ ಬರದಿದ್ದರೆ ಮುಗಿಯಿತು ಅಂತ ಲೆಕ್ಕ. ಇದು ಪುಸ್ತಕಕ್ಕೆ ಬೇಕಾದ ಗೆರೆ, ಬೆಟ್ಟಕ್ಕೆ ಗೊತ್ತಿರುವುದಿಲ್ಲ. ಕಿಲಾವೆಯಾದ ಪುಊ ಓಓ ಬಾಯಿ 1983ರಿಂದ 2018ರ ವರೆಗೆ, 35 ವರ್ಷ, ಹೆಚ್ಚು ಕಡಿಮೆ ನಿಲ್ಲದೆ ಉಗುಳಿತು. ಮೆಕ್ಸಿಕೊದಲ್ಲಿ 1943ರಲ್ಲಿ ಜೋಳದ ಹೊಲದ ಬಿರುಕಿನಿಂದ ಹುಟ್ಟಿದ ಪಾರಿಕುಟಿನ್ 1952ಕ್ಕೆ ನಿಂತಿತು, ಮತ್ತೆ ಏಳುವ ಲಕ್ಷಣವಿಲ್ಲ.

ಲಾವಾ ಬರುವುದು ನಿಂತ ಮೇಲೂ ಅಳತೆ ನಿಲ್ಲುವುದಿಲ್ಲ. 1959ರಲ್ಲಿ ಕಿಲಾವೆಯಾ ಇಕಿ ಕುಳಿಯಲ್ಲಿ ತುಂಬಿದ ಲಾವಾ ಕೆರೆಯನ್ನು ಮತ್ತೆ ಮತ್ತೆ ಕೊರೆದು ನೋಡಿದರು. ಅದು ಪೂರ್ತಿ ಗಟ್ಟಿಯಾಗಲು ಮೂರು ದಶಕಕ್ಕಿಂತ ಜಾಸ್ತಿ ಬೇಕಾಯಿತು. ಪಿನಾಟುಬೊದಲ್ಲಂತೂ ಸ್ಫೋಟ ಮುಗಿದು ಎಷ್ಟೋ ವರ್ಷ ಪ್ರತಿ ಮಳೆಗಾಲದಲ್ಲೂ ಸಡಿಲ ಬೂದಿ ಲಾಹಾರ್ ಆಗಿ ಇಳಿದು ಊರುಗಳನ್ನು ಹೂಳುತ್ತಿತ್ತು. ಅಲ್ಲಿ ಆಮೇಲೆ ಬೇಕಾದದ್ದು ಮಳೆಮಾಪಕಗಳು, ಮತ್ತು ಕಣಿವೆಯಲ್ಲಿ ಕೆಸರು ಇಳಿಯುವ ಸದ್ದನ್ನು ನೆಲದಿಂದ ಹಿಡಿದು ಕೆಳಗಿನ ಊರಿಗೆ ತಿಳಿಸುವ ಸಂವೇದಕಗಳು.